ಪಿಂಗಾಣಿ ಗೊಂಬೆ: ತಳದ ಗುರುತಿಗೆ ಎಷ್ಟು ಬೆಲೆ?

ಹಳೆಯ ಪಿಂಗಾಣಿ ಗೊಂಬೆಯೊಂದು ಕೈಗೆ ಬಂದರೆ ಸಾಕು, ತಿಳಿದವರೂ ತಿಳಿಯದವರೂ ಮೊದಲು ಅದನ್ನು ಮಗುಚಿ ತಳ ನೋಡುತ್ತಾರೆ. ಅಲ್ಲಿ ನೀಲಿ ಬಣ್ಣದ ಎರಡು ಅಡ್ಡಕತ್ತಿಗಳೋ ಲಂಗರೋ ಕಿರೀಟವೋ ಕಂಡರೆ ಮುಖ ಅರಳುತ್ತದೆ. ಏನೂ ಕಾಣದಿದ್ದರೆ ಗೊಂಬೆ ಮತ್ತೆ ಗಾಜಿನ ಬೀರು ಸೇರುತ್ತದೆ. ಗುರುತುಗಳ ಪಟ್ಟಿ ಕೊಡುವ ಕೈಪಿಡಿಗಳು ಒಂದೂವರೆ ಶತಮಾನದಿಂದ ಖರ್ಚಾಗುತ್ತಿರುವುದು ಈ ಅಭ್ಯಾಸದ ಬಲದಿಂದಲೇ. ಆದರೆ ಯುರೋಪಿನ ಪಿಂಗಾಣಿ ಗೊಂಬೆಗಳ ಮುನ್ನೂರು ವರ್ಷಗಳ ಕಥೆಯನ್ನು ಒಟ್ಟಾಗಿ ಇಟ್ಟು ನೋಡಿದರೆ ಈ ಅಭ್ಯಾಸ ತಲೆಕೆಳಗಾದದ್ದು ಎನ್ನಬೇಕಾಗುತ್ತದೆ. ಗೊಂಬೆಯ ಮೈ, ಅಚ್ಚು, ಅಳತೆ, ಬಣ್ಣ, ಚಿನ್ನ ಇವೆಲ್ಲ ಮೊದಲು ಮಾತಾಡಬೇಕು. ಗುರುತನ್ನು ಕೊನೆಗೆ ಕರೆಯಬೇಕು, ಅದೂ ಪಾಟೀಸವಾಲಿಗೆ ಸಿದ್ಧರಾಗಿ. ಈ ಕ್ರಮ ತಪ್ಪಿದಾಗ ಕಾರ್ಖಾನೆಯ ಹೆಸರು, ಕಾಲ, ಬೆಲೆ ಮೂರೂ ಒಟ್ಟಿಗೆ ತಪ್ಪುತ್ತವೆ.

ಇದಕ್ಕೆ ಕಾರಣ ಈ ಉದ್ಯಮ ಹುಟ್ಟಿದ ರೀತಿಯಲ್ಲೇ ಇದೆ. ಚೀನಾದ ಬಿಳಿ ಪಿಂಗಾಣಿಗೆ ಮರುಳಾಗಿ ಬೊಕ್ಕಸ ಬರಿದು ಮಾಡಿಕೊಂಡ ಸ್ಯಾಕ್ಸನಿಯ ದೊರೆ ಬಲಶಾಲಿ ಆಗಸ್ಟಸ್, ಚಿನ್ನ ಮಾಡಿಕೊಡುತ್ತೇನೆಂದು ಹೇಳಿಕೊಂಡಿದ್ದ ಯೋಹಾನ್ ಫ್ರೀಡ್ರಿಷ್ ಬ್ಯೊಟ್ಗರ್ ಎಂಬ ತರುಣನನ್ನು ಸೆರೆಯಲ್ಲಿಟ್ಟುಕೊಂಡಿದ್ದ. ವಿಜ್ಞಾನಿ ಚಿರ್ನ್‌ಹೌಸ್‌ನ ಮೇಲ್ವಿಚಾರಣೆಯಲ್ಲಿ ಬ್ಯೊಟ್ಗರ್‌ಗೆ ಚಿನ್ನ ಸಿಗಲಿಲ್ಲ, 1708ರ ಹೊತ್ತಿಗೆ ಗಟ್ಟಿ ಪಿಂಗಾಣಿಯ ಗುಟ್ಟು ಸಿಕ್ಕಿತು. 1710ರಲ್ಲಿ ಮೈಸೆನ್ ಊರಿನ ಆಲ್ಬ್ರೆಷ್ಟ್ಸ್‌ಬುರ್ಗ್ ಕೋಟೆಯಲ್ಲಿ ಕಾರ್ಖಾನೆ ಶುರುವಾಯಿತು. ಗೊಂಬೆಗಳ ಕಾಲ ನಿಜವಾಗಿ ಶುರುವಾದದ್ದು 1731ರಲ್ಲಿ ಶಿಲ್ಪಿ ಯೋಹಾನ್ ಯೋವಾಕಿಂ ಕೆಂಡ್ಲರ್ ಅಲ್ಲಿಗೆ ಬಂದ ಮೇಲೆ. ದೊರೆಯ ಜಪಾನಿ ಅರಮನೆಗಾಗಿ ದೊಡ್ಡ ಪ್ರಾಣಿ ಪಕ್ಷಿಗಳನ್ನು ಮಾಡುತ್ತಿದ್ದ ಆತ, ಮುಂದೆ ಅಂಗೈ ಮೇಲೆ ನಿಲ್ಲುವ ವಿದೂಷಕರು, ಅಗಲ ಲಂಗದ ಹೆಂಗಸರು, ಬೀದಿ ವ್ಯಾಪಾರಿಗಳು, ವಾದ್ಯ ನುಡಿಸುವ ಮಂಗಗಳನ್ನು ಕಡೆದ. ಆಸ್ಥಾನದ ಔತಣಗಳಲ್ಲಿ ಮೇಜಿನ ನಡುವೆ ಸಕ್ಕರೆ ಗೊಂಬೆಗಳನ್ನು ಜೋಡಿಸುವ ರೂಢಿ ಇತ್ತು. ಆ ಜಾಗಕ್ಕೆ ಬಂದವು ಇವು. ಬೀರುವಿನಲ್ಲಿಟ್ಟು ದೂರದಿಂದ ನೋಡಲು ಮಾಡಿದವಲ್ಲ. ಸುತ್ತ ಕೂತವರೆಲ್ಲ ಎಲ್ಲ ದಿಕ್ಕಿನಿಂದಲೂ ನೋಡಬೇಕಾದವು. ಹೀಗಾಗಿ ಒಳ್ಳೆಯ ಹಳೆಯ ಗೊಂಬೆಯ ಬೆನ್ನೂ ಮುಖದಷ್ಟೇ ದುಡಿಮೆ ಕಂಡಿರುತ್ತದೆ. ಬೆನ್ನು ಸಪ್ಪೆಯಾಗಿದ್ದರೆ ತಳ ನೋಡುವ ಮೊದಲೇ ಅನುಮಾನ ಶುರುವಾಗಬೇಕು.

ಗೊಂಬೆಯನ್ನು ಶಿಲ್ಪಿ ಒಮ್ಮೆ ಕಡೆಯುತ್ತಾನೆ. ಆ ಮಾದರಿಯಿಂದ ತುಂಡು ತುಂಡಾಗಿ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ಬಂದ ಕೈ, ಕಾಲು, ತಲೆ, ಮುಂಡಗಳನ್ನು ಮತ್ತೊಬ್ಬ ಕುಶಲಿ ತಿಳಿ ಜೇಡಿಯಿಂದ ಅಂಟಿಸಿ ತಿದ್ದುತ್ತಾನೆ. ಅಚ್ಚು ಸವೆದರೆ ಮೂಲ ಮಾದರಿಯಿಂದ ಇನ್ನೊಂದು ಅಚ್ಚು. ಹೀಗಾಗಿ ಕೆಂಡ್ಲರ್ 1737ರಲ್ಲಿ ಮಾಡಿದ, ಮಂತ್ರಿ ಬ್ರ್ಯೂಲ್‌ನ ದರ್ಜಿ ಮೇಕೆಯೇರಿ ಹೊರಟ ಪ್ರಸಿದ್ಧ ಗೊಂಬೆ 19ನೇ ಶತಮಾನದಲ್ಲಿ ಅದೇ ಕಾರ್ಖಾನೆಯಿಂದ ಮತ್ತೆ ಮತ್ತೆ ಹೊರಬಂತು. ಮ್ಯೂನಿಕ್ ಬಳಿಯ ನಿಂಫೆನ್‌ಬುರ್ಗ್ ಕಾರ್ಖಾನೆ, 1763ರಲ್ಲಿ ತೀರಿಕೊಂಡ ಫ್ರಾಂಟ್ಸ್ ಆಂಟನ್ ಬುಸ್ಟೆಲ್ಲಿಯ ನಾಟಕ ಪಾತ್ರಗಳನ್ನು ಇಂದಿಗೂ ಮಾಡಿ ಮಾರುತ್ತದೆ. ಇವು ಯಾವುವೂ ನಕಲಿಯಲ್ಲ. ಅದೇ ಶಿಲ್ಪಿಯ ಮಾದರಿ, ಅದೇ ಕಾರ್ಖಾನೆ, ಅಧಿಕೃತ ಗುರುತು. ಆದರೂ 1740ರ ಗೊಂಬೆಗೂ 1880ರ ಗೊಂಬೆಗೂ ಬೆಲೆಯಲ್ಲಿ ಅಜಗಜಾಂತರ. ಅಂದರೆ ಒಂದೇ ಗೊಂಬೆಗೆ ಮೂರು ವಯಸ್ಸುಗಳಿರಬಹುದು: ಮಾದರಿಯ ವಯಸ್ಸು, ಮಣ್ಣು ಬೆಂದ ವಯಸ್ಸು, ಬಣ್ಣ ಬಳಿದ ವಯಸ್ಸು. ಬಿಳಿಯಾಗಿಯೇ ಮಾರಾಟವಾಗಿ ಹೊರಗಿನ ಚಿತ್ರಗಾರರ ಕೈಯಲ್ಲಿ ದಶಕಗಳ ನಂತರ ಬಣ್ಣ ಕಂಡ ಸರಕು ಬೇಕಾದಷ್ಟಿದೆ. ತಳದ ಗುರುತು ಹೆಚ್ಚೆಂದರೆ ಎರಡನೆಯ ವಯಸ್ಸಿನ ಬಗ್ಗೆ ಮಾತಾಡುತ್ತದೆ. ಅದೂ ಅದು ಸಾಚಾ ಗುರುತಾಗಿದ್ದರೆ.

ಸಾಚಾತನದ ಪ್ರಶ್ನೆಯೂ ಸಣ್ಣದಲ್ಲ. ಸ್ಯಾಕ್ಸನಿಯ ರಾಜಲಾಂಛನದಿಂದ ತೆಗೆದುಕೊಂಡ ಅಡ್ಡಕತ್ತಿಗಳು ಮೈಸೆನ್ ಸರಕಿನ ಮೇಲೆ 1722ರಿಂದ ಕಾಣಿಸುತ್ತವೆ. ಅದು ಕುಂಚದ ಎರಡೇ ಎಳೆತ, ಯಾರು ಬೇಕಾದರೂ ಬರೆಯಬಹುದು, ಬರೆದರು ಕೂಡ. ಡ್ರೆಸ್ಡೆನ್ ನಗರದಲ್ಲಿ ಹೆಲೆನಾ ವೋಲ್ಫ್‌ಸೋನ್ ನಡೆಸುತ್ತಿದ್ದ ಚಿತ್ರಣ ಕಾರ್ಯಾಗಾರ, ಆಗಸ್ಟಸ್ ದೊರೆಯ ಹೆಸರಿನ ಎ ಆರ್ ಹೆಣೆದ ಅಕ್ಷರಗಳನ್ನು ತನ್ನ ಸರಕಿಗೆ ಹಾಕುತ್ತಿತ್ತು. ಮೈಸೆನ್ ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಬೇಕಾಯಿತು. ಮಾರುಕಟ್ಟೆಯಲ್ಲಿ ‘ಡ್ರೆಸ್ಡೆನ್’ ಎಂದು ಕರೆಸಿಕೊಳ್ಳುವ ಗೊಂಬೆಗಳ ಬಹುಪಾಲು ಮೈಸೆನ್‌ನವಲ್ಲ. ಕಿರೀಟದ ಕೆಳಗೆ ಡ್ರೆಸ್ಡೆನ್ ಎಂದು ಬರೆದ ಗುರುತನ್ನು 1883ರಲ್ಲಿ ನಾಲ್ಕು ಬೇರೆ ಬೇರೆ ಕಾರ್ಯಾಗಾರಗಳು ಒಟ್ಟಾಗಿ ನೋಂದಾಯಿಸಿಕೊಂಡವು. ತಿಳಿ ಜೇಡಿಯಲ್ಲಿ ಅದ್ದಿದ ನಿಜವಾದ ಲೇಸು ಬಟ್ಟೆಯನ್ನು ಗೊಂಬೆಗೆ ಉಡಿಸಿ ಬೇಯಿಸಿ, ಬಟ್ಟೆ ಸುಟ್ಟುಹೋದ ಮೇಲೆ ಉಳಿಯುವ ಪಿಂಗಾಣಿ ಜಾಲರಿಯ ಲಂಗಗಳೂ ಹೆಚ್ಚಾಗಿ ಇಂಥ ಕಡೆಯಿಂದಲೇ ಬಂದವು. ಇಟಲಿಯದು ಇನ್ನೂ ಸೋಜಿಗ. ನೇಪಲ್ಸಿನ ಕಪೋದಿಮೊಂತೆ ಅರಮನೆಯ ಕಾರ್ಖಾನೆ ಇದ್ದದ್ದು 1743ರಿಂದ 1759ರವರೆಗೆ, ಹದಿನಾರೇ ವರ್ಷ. ಆಮೇಲೆ ಅದರ ದೊರೆ ಸ್ಪೇನಿನ ಸಿಂಹಾಸನವೇರಿ ಕೆಲಸಗಾರರನ್ನೂ ಮ್ಯಾಡ್ರಿಡ್‌ಗೆ ಕರೆದೊಯ್ದ. ಇಂದು ಆ ಹೆಸರಿನಲ್ಲಿ ಮಾರಾಟವಾಗುವ, ಕಿರೀಟ ಹೊತ್ತ ಎನ್ ಅಕ್ಷರದ ಗೊಂಬೆಗಳನ್ನು ಒಟ್ಟು ಹಾಕಿದರೆ ಹದಿನಾರು ವರ್ಷದಲ್ಲಿ ಒಂದು ಊರೆಲ್ಲ ದುಡಿದರೂ ಮುಗಿಯುತ್ತಿರಲಿಲ್ಲ. ಇತ್ತ, ಕೆಂಡ್ಲರ್ ಕಾಲದ ನಿಜವಾದ ಗೊಂಬೆಗಳಲ್ಲಿ ಎಷ್ಟೋ ಗುರುತೇ ಇಲ್ಲದವು. ಅವುಗಳ ಚಪ್ಪಟೆ ತಳಕ್ಕೆ ಗ್ಲೇಜ್ ಎಂಬ ಗಾಜಿನಂಥ ಲೇಪ ಇರುತ್ತಿರಲಿಲ್ಲ. ಗ್ಲೇಜ್ ಇಲ್ಲದ ಕಡೆ ಅದರಡಿ ಕೂರಬೇಕಾದ ನೀಲಿ ಗುರುತು ನಿಲ್ಲುವುದು ಕಷ್ಟ. ಇದ್ದರೂ ಪೀಠದ ಹಿಂಬದಿಯ ಅಂಚಿನಲ್ಲಿ ಇರುವೆಯಷ್ಟು ಸಣ್ಣದಾಗಿ ಅಡಗಿರುತ್ತದೆ. ನಕಲಿಯ ತಳದಲ್ಲಿ ಕತ್ತಿಗಳು ಢಾಳಾಗಿ ಮೆರೆಯುತ್ತಿರುತ್ತವೆ.

ಹಾಗಾದರೆ ಗುರುತು ಕೆಲಸಕ್ಕೆ ಬಾರದ್ದೇ ಎಂದು ಕೇಳಬಹುದು. ಮೈಸೆನ್ ಗುರುತಿನ ರೂಪಾಂತರಗಳನ್ನು ವಿದ್ವಾಂಸರು ಶ್ರಮಪಟ್ಟು ಕಾಲಾನುಕ್ರಮಕ್ಕೆ ತಂದಿದ್ದಾರಲ್ಲ: 1763ರ ಮುಂದಿನ ಒಂದು ದಶಕದಲ್ಲಿ ಹಿಡಿಗಳ ನಡುವೆ ಚುಕ್ಕೆ, 1774ರಿಂದ ನಿರ್ದೇಶಕ ಮಾರ್ಕೊಲೀನಿಯ ಆಡಳಿತದಲ್ಲಿ ನಕ್ಷತ್ರ, 1924ರಿಂದ 1934ರವರೆಗೆ ಅಲಗುಗಳ ತುದಿಯ ನಡುವೆ ಚುಕ್ಕೆ. ಈ ಪಟ್ಟಿ ಸುಳ್ಳಲ್ಲ. ಗುರುತು ‘ಇದು ಇಂಥ ಕಾಲಕ್ಕಿಂತ ಹಿಂದಿನದಲ್ಲ’ ಎಂದು ಹೇಳುವಾಗ ನಂಬಿಕಸ್ಥ, ‘ಇದು ಇಂಥ ಕಾಲದ್ದೇ’ ಎನ್ನುವಾಗ ಅಲ್ಲ. ನಕ್ಷತ್ರವಿರುವ ಗೊಂಬೆ 1750ರದ್ದಾಗಲಾರದು, ಅಷ್ಟು ಖಚಿತ. ಅದು 1780ರದ್ದೇ ಎಂಬುದು ಖಚಿತವಲ್ಲ, ಏಕೆಂದರೆ ನಕಲು ಮಾಡುವವನಿಗೂ ನಕ್ಷತ್ರ ಗೊತ್ತು. ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆ 1891ರಿಂದ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು. ದೇಶದ ಹೆಸರಿಲ್ಲದಿದ್ದರೆ 1891ಕ್ಕಿಂತ ಹಳೆಯದು ಎಂಬ ಸೂತ್ರವನ್ನು ವ್ಯಾಪಾರಿಗಳು ಇದರಿಂದ ಕಟ್ಟಿಕೊಂಡಿದ್ದಾರೆ. ಅಮೆರಿಕಕ್ಕೆ ಹೋಗದೆ ಯುರೋಪಿನಲ್ಲೇ ಮಾರಾಟವಾದ ಗೊಂಬೆಗೆ ಆ ಹೆಸರಿನ ಅಗತ್ಯವೇ ಇರಲಿಲ್ಲ. ಕತ್ತಿಗಳ ಮೇಲೆ ಅಡ್ಡಗೀರು ಹಾಕಿದ್ದರೆ ಅದು ಕಾರ್ಖಾನೆಯೇ ಎರಡನೇ ದರ್ಜೆಯೆಂದು ತೆಗೆದಿಟ್ಟ ಸರಕು. ತನ್ನ ವಿರುದ್ಧವೇ ಸಾಕ್ಷಿ ಹೇಳುವ ಇಂಥ ಗುರುತನ್ನು ಮಾತ್ರ ನಾನು ಸಲೀಸಾಗಿ ನಂಬುತ್ತೇನೆ.

ಗೊಂಬೆಯ ಮೈ ಏನು ಹೇಳುತ್ತದೆ ಎಂಬುದನ್ನು ಇಂಗ್ಲೆಂಡಿನ ಚೆಲ್ಸಿ ಮತ್ತು ಪ್ಯಾರಿಸಿನ ಸ್ಯಾಮ್ಸನ್ ಹೆಸರುಗಳ ಜೊತೆಗಿಟ್ಟು ನೋಡುವುದು ಅನುಕೂಲ. ಚೆಲ್ಸಿ, ಬೋ, ಡರ್ಬಿ ಕಾರ್ಖಾನೆಗಳಿಗೆ 18ನೇ ಶತಮಾನದ ನಡುವಿನಲ್ಲಿ ಮೈಸೆನ್‌ನ ಗಟ್ಟಿ ಮಣ್ಣಿನ ಗುಟ್ಟು ಗೊತ್ತಿರಲಿಲ್ಲ. ಅವು ಕಡಿಮೆ ಶಾಖದಲ್ಲಿ ಬೇಯುವ ಮೆದು ಪಿಂಗಾಣಿ ಮಾಡಿದವು. ಅದರ ಒಡಕಿನ ಅಂಚು ಬೆಲ್ಲದ ಅಚ್ಚು ಮುರಿದಂತೆ ಹರಳು ಹರಳಾಗಿರುತ್ತದೆ. ಗ್ಲೇಜ್ ದಪ್ಪವಾಗಿ ಮಡಿಕೆಗಳಲ್ಲಿ ತುಂಬಿಕೊಂಡು ಮೂಗು ಬೆರಳುಗಳ ಚೂಪನ್ನು ಮೊಂಡು ಮಾಡಿರುತ್ತದೆ. ಬಣ್ಣ ಗ್ಲೇಜಿನೊಳಗೆ ಇಳಿದಂತೆ ಕಾಣುತ್ತದೆ. ಮೈಸೆನ್‌ನ ಗಟ್ಟಿ ಪಿಂಗಾಣಿ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಅದರ ಒಡಕು ಗಾಜಿನಂತೆ ನುಣುಪು, ಬಣ್ಣ ಮೇಲೆ ಕೂತು ಬೆರಳಿಗೆ ತಾಕುತ್ತದೆ. 1845ರಲ್ಲಿ ಶುರುವಾದ ಸ್ಯಾಮ್ಸನ್ ಕಾರ್ಖಾನೆ ಚೆಲ್ಸಿ ಗೊಂಬೆಗಳನ್ನು ಚಿನ್ನದ ಲಂಗರಿನ ಗುರುತಿನ ಸಮೇತ ನಕಲು ಮಾಡಿತು, ಆದರೆ ಮಾಡಿದ್ದು ಗಟ್ಟಿ ಪಿಂಗಾಣಿಯಲ್ಲಿ. ಲಂಗರು ಚೆಲ್ಸಿ ಎನ್ನುತ್ತದೆ, ಮೈ ಪ್ಯಾರಿಸ್ ಎನ್ನುತ್ತದೆ; ಗೆಲ್ಲಬೇಕಾದದ್ದು ಮೈ. ಅಳತೆಪಟ್ಟಿಯೂ ಇಲ್ಲಿ ಒಳ್ಳೆಯ ಸಾಕ್ಷಿ. ಪಿಂಗಾಣಿ ಒಣಗಿ ಬೇಯುವಾಗ ಸುಮಾರು ಆರನೇ ಒಂದು ಪಾಲು ಕುಗ್ಗುತ್ತದೆ. ಮೂಲ ಮಾದರಿ ಕೈಯಲ್ಲಿಲ್ಲದವನು ಬೆಂದ ಗೊಂಬೆಯಿಂದಲೇ ಅಚ್ಚು ತೆಗೆದರೆ ಅವನ ಗೊಂಬೆ ಎರಡನೇ ಸಲ ಕುಗ್ಗಿ ಮೂಲದಕ್ಕಿಂತ ಗಿಡ್ಡವಾಗುತ್ತದೆ. ಮ್ಯೂಸಿಯಂ ಪಟ್ಟಿಯಲ್ಲಿ 18 ಸೆಂಟಿಮೀಟರ್ ಇರುವ ಗೊಂಬೆ ಕೈಯಲ್ಲಿ 15 ಸೆಂಟಿಮೀಟರ್ ಬಂದರೆ ಕತ್ತಿ, ಲಂಗರು, ನಕ್ಷತ್ರ ಯಾವುದನ್ನೂ ವಿಚಾರಿಸುವ ಅಗತ್ಯವಿಲ್ಲ. ಆವಿಗೆಯ ಏರುಪೇರಿನಿಂದ ಸಾಚಾ ಗೊಂಬೆಗಳ ನಡುವೆಯೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ ಎಂಬುದು ನಿಜ. ಆರನೇ ಒಂದು ಪಾಲು ಬರುವುದಿಲ್ಲ.

ಇನ್ನು ಪೀಠ ಮತ್ತು ಬಣ್ಣ. 1740ರ ಸುಮಾರಿನ ಮೈಸೆನ್ ಗೊಂಬೆ ನಿಲ್ಲುವುದು ಹೂ ಎಲೆ ಅಂಟಿಸಿದ ಸಣ್ಣ ದಿಬ್ಬದ ಮೇಲೆ. ಮುಂದೆ ಅಂಚಿಗೆ ಚಿನ್ನದ ಸುರುಳಿಗಳು ಬರುತ್ತವೆ. ಶತಮಾನದ ಕೊನೆಗೆ ಗ್ರೀಕ್ ಮಾದರಿಯ ನೇರ ಗೆರೆಯ ಪೀಠ. ಕೆಂಡ್ಲರ್ ಕಾಲದ ಚಿತ್ರಗಾರರು ಕಪ್ಪು, ಕೆಂಪು, ಹಳದಿಗಳನ್ನು ಅಂಜದೆ ಬಳಸಿ, ಬಿಳಿ ಮೈಯನ್ನು ಸಾಕಷ್ಟು ಬಯಲಾಗಿ ಬಿಡುತ್ತಿದ್ದರು. 19ನೇ ಶತಮಾನದ ಗೊಂಬೆಯಲ್ಲಿ ಬಯಲು ಜಾಗವೇ ಇಲ್ಲ. ಕೆನ್ನೆಗೆ ಗುಲಾಬಿ, ಲಂಗದ ತುಂಬ ಪುಟ್ಟ ಹೂಗಳು, ಮುಖದಲ್ಲಿ ಎಲ್ಲರಿಗೂ ಒಂದೇ ಮುದ್ದು. ನನ್ನ ಮಟ್ಟಿಗೆ ಅದು ಕೈಚಳಕದ ಏರಿಕೆ, ಕಲೆಯ ಇಳಿಕೆ. ಚಿನ್ನವೂ ಕಾಲ ಹೇಳುತ್ತದೆ. ಹಳೆಯದು ಮಂಕಾಗಿದ್ದು ಉಜ್ಜಿ ಹೊಳಪು ತಂದದ್ದು; ಆವಿಗೆಯಿಂದಲೇ ಥಳಥಳಿಸುತ್ತ ಬರುವ ದ್ರವ ಚಿನ್ನವನ್ನು ಮೈಸೆನ್‌ನ ರಸಾಯನ ತಜ್ಞ ಹೈನ್‌ರಿಷ್ ಗಾಟ್‌ಲೋಬ್ ಕ್ಯೂನ್ ರೂಪಿಸಿದ್ದು 1830ರ ಆಸುಪಾಸಿನಲ್ಲಿ.

ಕಣ್ಣಳತೆ, ರುಚಿ, ಅನುಭವ ಎನ್ನುತ್ತ ಹೋದರೆ ಇದು ತಜ್ಞರ ಮರ್ಜಿಯಾಗುವುದಿಲ್ಲವೇ, ಪ್ರಯೋಗಾಲಯಕ್ಕೆ ಏಕೆ ಒಪ್ಪಿಸಬಾರದು ಎಂಬುದು ಇಂದಿನ ಕಾಲದ ಸಹಜ ಆಕ್ಷೇಪ. ಒಪ್ಪಿಸಬಹುದು, ಆದರೆ ಯಂತ್ರಕ್ಕೆ ಯಾವ ಪ್ರಶ್ನೆ ಕೇಳುತ್ತಿದ್ದೇವೆ ಎಂಬುದು ತಿಳಿದಿರಬೇಕು. ಎಕ್ಸ್-ಕಿರಣ ಪರೀಕ್ಷೆ ಗೊಂಬೆಯನ್ನು ಮುಟ್ಟದೆಯೇ ಬಣ್ಣದೊಳಗಿನ ಲೋಹಗಳನ್ನು ಹೇಳುತ್ತದೆ. ಕ್ರೋಮಿಯಂ ಲೋಹವನ್ನು ಕಂಡುಹಿಡಿದದ್ದೇ 1797ರಲ್ಲಿ. ಹೀಗಾಗಿ ಹಸಿರಿನಲ್ಲಿ ಅದು ಸಿಕ್ಕರೆ ಆ ಹಸಿರು 1750ರದ್ದಲ್ಲ. ಆದರೆ ಅದರಿಂದ ಗೊಂಬೆಯೇ ಹೊಸದು ಎಂದಾಗುವುದಿಲ್ಲ, ಹಳೆಯ ಬಿಳಿ ಗೊಂಬೆಗೆ ಆಮೇಲೆ ಬಣ್ಣ ಕಟ್ಟಿರಬಹುದು. ಮತ್ತೆ ಮೂರು ವಯಸ್ಸುಗಳ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಮಣ್ಣು ಬೆಂದ ಕಾಲ ಹೇಳುವ ಥರ್ಮೋಲ್ಯುಮಿನಿಸೆನ್ಸ್ ಪರೀಕ್ಷೆಗೆ ಮೈ ಕೊರೆದು ಚೂರು ತೆಗೆಯಬೇಕು. ಅಂಗೈಯಗಲದ ಗೊಂಬೆಗೆ ಅದು ಗಾಯವೇ. ಯಂತ್ರ ಕೊಡುವುದು ಇನ್ನೊಬ್ಬ ಸಾಕ್ಷಿಯ ಹೇಳಿಕೆ, ತೀರ್ಪಲ್ಲ.

ಬೆಲೆಯ ವಿಷಯಕ್ಕೆ ಬಂದರೆ ಮೊದಲ ಪ್ರಶ್ನೆ ಗೊಂಬೆಯ ಆರೋಗ್ಯ. ಚಾಚಿದ ಬೆರಳು, ಟೋಪಿಯ ಗರಿ, ಪೀಠದ ಹೂದಳ ಮುಕ್ಕಾಗದೆ ಇನ್ನೂರೈವತ್ತು ವರ್ಷ ಕಳೆದ ಗೊಂಬೆ ಅಪರೂಪ. 18ನೇ ಶತಮಾನದ್ದಕ್ಕೆ ಸಣ್ಣ ಮುಕ್ಕುಗಳನ್ನು ಸಂಗ್ರಾಹಕರು ಕ್ಷಮಿಸುತ್ತಾರೆ. ಮುರಿದ ಕುತ್ತಿಗೆಯನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ. 20ನೇ ಶತಮಾನದ್ದಕ್ಕೆ ಮುಕ್ಕನ್ನೂ ಕ್ಷಮಿಸುವುದಿಲ್ಲ, ಮುಕ್ಕಿಲ್ಲದ ಜೊತೆಗಾರ ಗೊಂಬೆ ಬೇಕಾದಷ್ಟು ಸಿಗುತ್ತದೆ. ಆವಿಗೆಯಲ್ಲೇ ಬಿಟ್ಟ ಬಿರುಕಿನ ಅಂಚಿಗೆ ಗ್ಲೇಜ್ ಹರಿದು ಮೃದುವಾಗಿರುತ್ತದೆ, ಅದು ದೋಷವಾಗಿ ಲೆಕ್ಕಕ್ಕೆ ಬರುವುದು ಕಡಿಮೆ. ಆಮೇಲೆ ಬಿದ್ದ ಸೀಳು ಚೂಪಾಗಿ, ಕೊಳೆ ಕುಡಿದು ನಿಂತಿರುತ್ತದೆ. ರಿಪೇರಿಯನ್ನು ಹಿಡಿಯಲು ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯುತ್ತಾರೆ. ಮೇಲೆ ಬಳಿದ ರಾಳ ಸಾಮಾನ್ಯವಾಗಿ ಗ್ಲೇಜಿಗಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಕೈಬೆರಳಿಗೂ ಗೊತ್ತಾಗುತ್ತದೆ: ಪಿಂಗಾಣಿ ತಣ್ಣಗೆ, ರಿಪೇರಿಯ ಬಣ್ಣ ಕೊಂಚ ಬೆಚ್ಚಗೆ, ಅಂಟಂಟು.

ಎರಡನೆಯ ಪ್ರಶ್ನೆ, ಯಾವ ಬೆಲೆ? ವಿಮೆಗೆ ಬರೆಸುವ ಬೆಲೆ, ಅಂಗಡಿಯ ಬೆಲೆ, ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ, ಅದರಲ್ಲಿ ಹರಾಜುದಾರರ ಪಾಲು ಕಳೆದು ಮಾರಿದವರ ಕೈಗೆ ಬರುವ ಮೊತ್ತ ಇವು ಒಂದಕ್ಕೊಂದು ದೂರ. ಮೊದಲನೆಯದನ್ನು ಹಿಡಿದು ಕೊನೆಯದನ್ನು ನಿರೀಕ್ಷಿಸುವವರೇ ಹೆಚ್ಚು. ಹಳೆಯದಾದಷ್ಟೂ ಬೆಲೆ ಏರುತ್ತದೆ ಎಂಬ ನಂಬಿಕೆಗೂ ಆಧಾರ ಕಡಿಮೆ. 1913ರಿಂದ ಎಚ್ ಎನ್ ಸಂಖ್ಯೆ ಹೊತ್ತು ಬಂದ ರಾಯಲ್ ಡೌಲ್ಟನ್ ಸುಂದರಿಯರು, 1935ರಲ್ಲಿ ಶುರುವಾಗಿ ಮಹಾಯುದ್ಧದ ನಂತರ ಅಮೆರಿಕನ್ ಸೈನಿಕರ ಚೀಲಗಳಲ್ಲಿ ಸಾಗರ ದಾಟಿದ ಹುಮ್ಮೆಲ್ ಮಕ್ಕಳು (ಕಟ್ಟುನಿಟ್ಟಾಗಿ ಹೇಳಿದರೆ ಪಿಂಗಾಣಿಯಲ್ಲ, ಬರೀ ಸುಟ್ಟ ಜೇಡಿ) ಒಂದು ಕಾಲಕ್ಕೆ ಹೂಡಿಕೆಯೆಂದೇ ಮಾರಾಟವಾದವು. ಗುರುತು ಸ್ಪಷ್ಟ, ಸಂಖ್ಯೆ ಸ್ಪಷ್ಟ, ಪೆಟ್ಟಿಗೆಯೂ ಜೋಪಾನ. ಕೊಂಡ ತಲೆಮಾರು ಮುಗಿದು ಮಕ್ಕಳು ಎಲ್ಲವನ್ನೂ ಒಟ್ಟಿಗೆ ಮಾರುಕಟ್ಟೆಗೆ ತಂದಾಗ ಕೇಳುವವರಿಲ್ಲದೆ ಬೆಲೆ ಕುಸಿಯಿತು. ಇದಕ್ಕೆದುರಾಗಿ, ಬರ್ಲಿನ್ನಿನ ಯಹೂದಿ ದಂಪತಿ ಒಪೆನ್‌ಹೈಮರ್ ಅವರ ಮೈಸೆನ್ ಸಂಗ್ರಹ. ನಾಜಿಗಳ ಕಾಲದಲ್ಲಿ ಅವರ ಕೈತಪ್ಪಿ, ಹಿಟ್ಲರನ ಮ್ಯೂಸಿಯಂಗೆಂದು ಮೀಸಲಾಗಿ, ಯುದ್ಧಾನಂತರ ಡಚ್ ಸರ್ಕಾರದ ವಶದಲ್ಲಿದ್ದು, ಕೊನೆಗೆ ವಾರಸುದಾರರಿಗೆ ಮರಳಿ, 2021ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿಗೆ ಬಂತು. ಒಟ್ಟು ಸುಮಾರು 1.5 ಕೋಟಿ ಡಾಲರ್ ಬಂತು, ಅಂದಾಜಿನ ಹಲವು ಪಟ್ಟು. ಹಿಂದೆ ಅವುಗಳನ್ನು ಇಟ್ಟುಕೊಂಡಿದ್ದ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಎಷ್ಟೋ ವಸ್ತುಗಳನ್ನು ದುಡ್ಡು ಕೊಟ್ಟು ಮರಳಿ ಕೊಂಡಿತು. ಅಲ್ಲಿ ಬೆಲೆ ತಂದದ್ದು ಮೊದಲ ದಶಕಗಳ ಗುಣಮಟ್ಟ ಮತ್ತು ಕೈಯಿಂದ ಕೈಗೆ ಬಂದ ದಾಖಲೆ. ಕತ್ತಿಗಳ ಗುರುತು ಡೌಲ್ಟನ್ ಸಂಖ್ಯೆಗಿಂತ ಹೆಚ್ಚು ಕೆಲಸವನ್ನೇನೂ ಮಾಡಲಿಲ್ಲ. ನೋಡಲು ಚೆನ್ನಾಗಿದ್ದರೆ ನಕಲಿಗೇಕೆ ಕಡಿಮೆ ಬೆಲೆ ಎಂದು ಕೇಳುವವರಿಗೆ ಮಾರುಕಟ್ಟೆಯೇ ಅರ್ಧ ಉತ್ತರ ಕೊಟ್ಟಿದೆ: ಸ್ಯಾಮ್ಸನ್ ಗೊಂಬೆಗಳನ್ನು ಈಗ ಸ್ಯಾಮ್ಸನ್ ಎಂದೇ ಹುಡುಕಿ ಕೊಳ್ಳುವವರಿದ್ದಾರೆ.

ಭಾರತದಲ್ಲಿ ಅರಸರು, ನವಾಬರು ಕೊಂಡ ಯುರೋಪಿನ ಪಿಂಗಾಣಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಂಥ ಕಡೆ ನೋಡಸಿಗುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸಿಗಬಹುದಾದದ್ದು ಬೇರೆ ಬಗೆಯದು. ರವಿವರ್ಮನ ಮುದ್ರಿತ ಚಿತ್ರಗಳನ್ನು ಅನುಸರಿಸಿ ಜರ್ಮನಿಯಲ್ಲೂ ಮುಂದೆ ಜಪಾನಿನಲ್ಲೂ ತಯಾರಾಗಿ ಬಂದ ಸರಸ್ವತಿ, ಲಕ್ಷ್ಮಿ, ಯಶೋದೆ–ಕೃಷ್ಣರ ಪಿಂಗಾಣಿ ಗೊಂಬೆಗಳವು. ದಸರಾ ಗೊಂಬೆಗಳ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಯ ಅಕ್ಕಪಕ್ಕ ಕೂರಲು ಹೇಳಿಮಾಡಿಸಿದಂಥವು. ಇಲ್ಲಿ ಅಮೆರಿಕದ 1891ರ ಸೂತ್ರ ನಡೆಯುವುದಿಲ್ಲ. ಬ್ರಿಟನ್ನಿನ 1887ರ ಸರಕುಗುರುತು ಕಾಯ್ದೆ, ಅದರ ಬೆನ್ನಿಗೆ ಬ್ರಿಟಿಷ್ ಇಂಡಿಯಾದಲ್ಲಿ ಬಂದ 1889ರ ಕಾಯ್ದೆ ಇವನ್ನು ಹಿಡಿದು ‘ಮೇಡ್ ಇನ್ ಜರ್ಮನಿ’ ಎಂಬ ಬರಹವನ್ನು ಓದಬೇಕು. ಪ್ರಸಿದ್ಧ ಕಾರ್ಖಾನೆಯ ಗುರುತನ್ನು ಇವುಗಳ ತಳದಲ್ಲಿ ಹುಡುಕಿ ಫಲವಿಲ್ಲ. ನೋಡಬೇಕಾದದ್ದು ಬೇರೆ: ವೀಣೆಯ ಕುಂಡಿಗೆಯ ಅಂಚು ಅಚ್ಚಿನಿಂದ ಚೂಪಾಗಿ ಬಂದಿದೆಯೇ, ಸವೆದಿದೆಯೇ, ಮುಖದ ಬಣ್ಣ ಆವಿಗೆ ಕಂಡದ್ದೇ, ಆಮೇಲೆ ಬೇಯಿಸದೆ ಬಳಿದದ್ದೇ, ಸೀರೆಗೆ ಹಚ್ಚಿದ ಬಟ್ಟೆ, ಜರಿ, ಮಣಿ ಆ ಕಾಲದ್ದೇ, ನಿನ್ನೆ ಅಂಟಿಸಿದ್ದೇ. ಇವುಗಳದೇ ಹೊಸ ನಕಲುಗಳೂ ಈಗ ಓಡಾಡುತ್ತಿವೆ. ಗೊಂಬೆ ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತು ಕಾಯ್ದೆ ಅದನ್ನು ದೇಶದ ಹೊರಗೆ ಮಾರಲು ಬಿಡುವುದಿಲ್ಲ. ಹಾಗಾಗಿ ಲಂಡನ್ನಿನ ಹರಾಜು ಪಟ್ಟಿ ತೋರಿಸಿ ಬೆಂಗಳೂರಿನಲ್ಲಿ ಬೆಲೆ ಹೇಳುವ ವ್ಯಾಪಾರಿಯ ಮಾತು ನಿಲ್ಲುವುದಿಲ್ಲ. ಮಾಸಿದ ಜರಿ ಚೆನ್ನಾಗಿ ಕಾಣುವುದಿಲ್ಲವೆಂದು ಕಿತ್ತು, ಗೊಂಬೆಯನ್ನು ಸೋಪು ನೀರಿನಲ್ಲಿ ತೊಳೆದು ಮಾರಾಟಕ್ಕಿಡುವವರು, ಇಲ್ಲಿನ ಯಾವ ಮನೆಯಲ್ಲಿ ಯಾವ ಕಾಲದಲ್ಲಿ ಅದು ಇತ್ತೆಂದು ತೋರಿಸಬಲ್ಲ ಒಂದೇ ದಾಖಲೆಯನ್ನೂ ತೊಳೆದು ಹಾಕುತ್ತಿದ್ದಾರೆ.